ಡಯಾಪರ್ ಬಿಟ್ಟ ಮಗುವಿನ ಜೊತೆ ದೂರ ಪ್ರಯಾಣ: ಘಾಟಿ, ಬಸ್ಸು, ರೈಲಿನಲ್ಲಿ ಒಂದು-ಎರಡು ನಿಭಾಯಿಸುವುದು ಹೇಗೆ?

ಡಯಾಪರ್ ಬಿಡಿಸಿದ ಮೇಲೆ ಅಪ್ಪ ಅಮ್ಮಂದಿರಿಗೆ ದೊಡ್ಡ ನಿರಾಳ. ಆದರೆ ಆ ನಿರಾಳ ಇರುವುದು ಮೊದಲ ದೂರ ಪ್ರಯಾಣದ ತನಕ. ಮನೆಯಲ್ಲಿ "ಅಮ್ಮಾ, ಸುಸ್ಸು" ಅಂತ ತಾನೇ ಓಡುವ ಮೂರೂವರೆ ವರ್ಷದ ಮಗು ಆಗುಂಬೆ ಘಾಟಿಯ ನಡುವೆ ಅದೇ ಮಾತು ಹೇಳಿದರೆ ಏನು ಮಾಡುತ್ತೀರಿ? ಹಿಂದೆ ಬಸ್ಸು, ಮುಂದೆ ಮಂಜು, ಪಕ್ಕದಲ್ಲಿ ಕಣಿವೆ. ನಿಲ್ಲಿಸಲು ಜಾಗ ಇಲ್ಲ, ಮಗುವಿಗೆ ತಡೆಯಲು ಆಗುವುದಿಲ್ಲ.

ಇದು ಎರಡೂವರೆಯಿಂದ ಆರು ವರ್ಷದ ಮಕ್ಕಳಿಗೆ ಬರೆದದ್ದು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯಿಂದ ಬೆಂಗಳೂರಿಗೋ ಕರಾವಳಿಗೋ ಹೋಗಿ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಎಲ್ಲದಕ್ಕೂ ಮೂಲ ಒಂದೇ ಮಾತು: ಊರಲ್ಲಿ ಹೇಳುವ ಕೆಲಸ ಮಗುವಿನದು, ದಾರಿಯಲ್ಲಿ ನೆನಪಿಡುವ ಕೆಲಸ ನಮ್ಮದು. "ಬಂದರೆ ಹೇಳು ಪುಟ್ಟಾ" ಅಂತ ಮಗುವಿನ ಮೇಲೆ ಹಾಕಿ ಕೂತರೆ ಸೀಟು ಒದ್ದೆ ಆಗುವುದು ಗ್ಯಾರಂಟಿ.

ಹಂತ 1: ಗಡಿಯಾರ ನೋಡಿ, ಮಗುವನ್ನು ಕೇಳಬೇಡಿ

ಮೊದಲು ಸ್ವಲ್ಪ ಲೆಕ್ಕ. ಮಗುವಿನ ಮೂತ್ರಚೀಲ ಎಷ್ಟು ಹಿಡಿಯುತ್ತದೆ ಅಂತ ಅಂದಾಜು ಮಾಡಲು ವೈದ್ಯರು ಒಂದು ಸುಲಭ ಸೂತ್ರ ಬಳಸುತ್ತಾರೆ. ವಯಸ್ಸಿಗೆ ಒಂದು ಕೂಡಿಸಿ, 30ರಿಂದ ಗುಣಿಸಿ. 3 ವರ್ಷಕ್ಕೆ 120 ಮಿ.ಲೀ., 4 ವರ್ಷಕ್ಕೆ 150, 5 ವರ್ಷಕ್ಕೆ 180. ಅಂದರೆ ಒಂದು ಸಣ್ಣ ಲೋಟದಷ್ಟು, ಅಷ್ಟೇ. ಹೊರಡುವಾಗ ಅಜ್ಜಿ ಪ್ರೀತಿಯಿಂದ ಕುಡಿಸಿದ ದೊಡ್ಡ ಲೋಟ ಹಾಲು ಎಲ್ಲಿಗೆ ಹೋಗಬೇಕು ಹೇಳಿ.

ಆದ್ದರಿಂದ ಎರಡು ಗಂಟೆಗೊಮ್ಮೆ ನಿಲ್ಲಿಸುವುದು ಅಂತ ಮೊದಲೇ ನಿರ್ಧರಿಸಿ. ಮೂರು ವರ್ಷದೊಳಗಿನ ಮಗುವಾದರೆ ಒಂದೂವರೆ ಗಂಟೆಗೆ. ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ. ಅಲಾರಾಂ ಹೊಡೆದಾಗ "ಸುಸ್ಸು ಬರ್ತಿದೆಯಾ?" ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಮಕ್ಕಳು "ಇಲ್ಲ" ಅಂತಲೇ ಹೇಳುತ್ತವೆ. ಅದು ಸುಳ್ಳಲ್ಲ. ಕಿಟಕಿಯಲ್ಲಿ ದನ ನೋಡುತ್ತಿರುವ ಮಗುವಿಗೆ ನಿಜವಾಗಿಯೂ ಗೊತ್ತಾಗಿರುವುದಿಲ್ಲ. "ಕಾರು ನಿಂತಿತು, ಎಲ್ಲರೂ ಇಳಿದು ಸುಸ್ಸು ಮಾಡಿ ಬರೋಣ" ಅಂದರೆ ಮುಗಿಯಿತು. ಅಪ್ಪನೂ ಹೋಗಬೇಕು, ಅಜ್ಜಿಯೂ ಹೋಗಬೇಕು. ಎಲ್ಲರೂ ಹೋಗುವಾಗ ಮಗು ಹಟ ಮಾಡುವುದು ಕಡಿಮೆ.

ಆದರೂ ಕೆಲವು ಗುರುತುಗಳು ತಿಳಿದಿರಲಿ. ಇದ್ದಕ್ಕಿದ್ದಂತೆ ಮಾತು ನಿಲ್ಲಿಸುವುದು, ಕಾಲು ಮೇಲೆ ಕಾಲು ಹಾಕಿ ಬಿಗಿ ಹಿಡಿಯುವುದು, ನಿಂತಲ್ಲೇ ಕುಣಿಯುವುದು. ಹೆಣ್ಣುಮಕ್ಕಳು ಕೆಲವೊಮ್ಮೆ ಕುಕ್ಕರುಗಾಲಲ್ಲಿ ಕೂತು ಹಿಮ್ಮಡಿಯಿಂದ ಒತ್ತಿಕೊಳ್ಳುತ್ತಾರೆ. ನೋಡಿದವರಿಗೆ ಆಟ ಅನಿಸುತ್ತದೆ. ಆಟ ಅಲ್ಲ, ತಡೆಯುತ್ತಿರುವುದು. ಇದು ಕಂಡರೆ ಮುಂದಿನ ಊರು ಬರಲಿ ಅಂತ ಕಾಯಬೇಡಿ.

ಹಂತ 2: ಹೊರಡುವ ವಾರ ಮೊದಲೇ ಅಭ್ಯಾಸ

ಮಗು ಕಲಿತಿರುವುದು ಮನೆಯ ಕಮೋಡನ್ನು ಮಾತ್ರ. ಅದರ ಎತ್ತರ, ಅದರ ಸದ್ದು, ಗೋಡೆಯ ಬಣ್ಣ, ಬಾಗಿಲಲ್ಲಿ ನಿಲ್ಲುವ ಅಮ್ಮ, ಇಷ್ಟೂ ಸೇರಿ ಅದರ ಲೆಕ್ಕದಲ್ಲಿ ಶೌಚಾಲಯ. ಬೇರೆ ಕಡೆ ಕೂರಿಸಿದರೆ ಅಳುತ್ತದೆ, ಅಥವಾ ಹೆದರಿ ತಡೆದುಕೊಳ್ಳುತ್ತದೆ.

ಹಾಗಾಗಿ ಒಂದು ವಾರ ಸುಮ್ನೆ ತಿರುಗಾಡುವಾಗ ಬೇರೆ ಬೇರೆ ಕಡೆ ಕರೆದುಕೊಂಡು ಹೋಗಿ. ಪಕ್ಕದ ಮನೆ, ಚಿಕ್ಕಮ್ಮನ ಮನೆ, ಹೋಟೆಲು, ಗಾಂಧಿ ಪಾರ್ಕಿಗೆ ಹೋದಾಗ ಅಲ್ಲಿ ಹತ್ತಿರದ್ದು. ಇಂಡಿಯನ್, ವೆಸ್ಟರ್ನ್ ಎರಡೂ ಒಮ್ಮೆಯಾದರೂ ಆಗಲಿ. ಇನ್ನೊಂದು ಮುಖ್ಯ ಅಭ್ಯಾಸ ಮಣ್ಣಿನ ಮೇಲೆ ಮಾಡುವುದು. ಫ್ಲಾಟಿನಲ್ಲಿ ಬೆಳೆದ ಮಕ್ಕಳು ಹುಲ್ಲಿನ ಮೇಲೆ ಕೂರಿಸಿದರೆ "ಇಲ್ಲಿ ಬಾತ್‌ರೂಮ್ ಇಲ್ಲ" ಅಂತ ಎದ್ದು ನಿಲ್ಲುತ್ತವೆ. ಹಿತ್ತಿಲಿದ್ದರೆ ತೆಂಗಿನ ಮರದ ಬುಡ ಸಾಕು. ಗಂಡುಮಕ್ಕಳಿಗೂ ನಿಂತು ಮಾಡುವುದು ಮಾತ್ರ ಗೊತ್ತಿದ್ದರೆ ಸಾಲದು, ಕೂತು ಮಾಡುವುದೂ ಬರಲಿ. ಎರಡಕ್ಕೆ ಬಂದಾಗ ನಿಂತು ಆಗುವುದಿಲ್ಲವಲ್ಲ.

ಫ್ಲಶ್ ಸದ್ದಿಗೆ ಹೆದರುವ ಮಕ್ಕಳು ತುಂಬಾ. ಅಂಥವರನ್ನು ಮೊದಲು ಹೊರಗೆ ಕಳಿಸಿ, ಆಮೇಲೆ ಫ್ಲಶ್ ಮಾಡಿ. ಧೈರ್ಯ ಕಲಿಸುವ ಕೆಲಸ ಮನೆಗೆ ಬಂದ ಮೇಲೆ ಇಟ್ಟುಕೊಳ್ಳಿ.

ಹಂತ 3: ಚೀಲ ಕಟ್ಟುವುದು

ಇದಕ್ಕೊಂದು ಪ್ರತ್ಯೇಕ ಚೀಲ ಇರಲಿ. ಬಟ್ಟೆಯ ಸೂಟ್‌ಕೇಸಿನ ತಳದಲ್ಲಿ ಇಟ್ಟರೆ ಇಟ್ಟೂ ಇಲ್ಲದ ಹಾಗೆ. ಕೈಗೆ ಸಿಗುವ ಕಡೆ, ಅಮ್ಮನ ಕಾಲ ಬಳಿ. ಒಳಗೆ ಇರಬೇಕಾದ್ದು ಇಷ್ಟು:

- ಪೂರ್ತಿ ಬದಲಿ ಬಟ್ಟೆ ಮೂರು ಜೊತೆ, ಚಡ್ಡಿ ಇನ್ನೂ ಎರಡು ಜಾಸ್ತಿ. ಮಳೆಗಾಲವಾದರೆ ಇದರ ದುಪ್ಪಟ್ಟು, ಮಲೆನಾಡಲ್ಲಿ ಜುಲೈನಲ್ಲಿ ತೊಳೆದ ಚಡ್ಡಿ ಯಾವಾಗ ಒಣಗುತ್ತದೆ ಅಂತ ದೇವರಿಗೇ ಗೊತ್ತು.
- ಒದ್ದೆ ಬಟ್ಟೆಗೆ ಜಿಪ್ ಇರುವ ಪ್ಲಾಸ್ಟಿಕ್ ಕವರು. ವಾಸನೆ ಹೊರಗೆ ಬರುವುದಿಲ್ಲ.
- ಹಳೇ ಕಾಟನ್ ಪಂಚೆ ಅಥವಾ ಸೀರೆಯ ತುಂಡು. ಒರೆಸಲು, ಮರೆ ಹಿಡಿಯಲು, ಹೊದಿಸಲು, ಎಲ್ಲಕ್ಕೂ.
- ಹಳೇ ಪೇಪರ್, ಪೇಪರ್ ಸೋಪು, ಒರೆಸುವ ಟಿಶ್ಯೂ, ಸ್ಯಾನಿಟೈಸರ್.
- ಸೀಟಿನ ಮೇಲೆ ಹಾಸಲು ಪ್ಲಾಸ್ಟಿಕ್ ಶೀಟು. ಬಾಣಂತನದಲ್ಲಿ ತಂದಿದ್ದು ಮನೆಯಲ್ಲಿ ಎಲ್ಲೋ ಇರುತ್ತದೆ, ಹುಡುಕಿ.
- ಸಣ್ಣ ಟಾರ್ಚು, ಚಿಲ್ಲರೆ ಕಾಸು.
- ಕಾರಾದರೆ ಮಗುವಿನ ಪಾಟಿ, ಅಂದರೆ ಮಗು ಕೂರುವ ಪುಟ್ಟ ಕಮೋಡು.

ಇನ್ನೊಂದು ವಸ್ತು ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ಲೀಟರಿನ ಖಾಲಿ ನೀರಿನ ಬಾಟಲಿ ತೆಗೆದುಕೊಳ್ಳಿ. ದಪ್ಪ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಯಲ್ಲಿ ಕಾಯಿಸಿ ಮುಚ್ಚಳಕ್ಕೆ ಐದಾರು ತೂತು ಮಾಡಿ. ತೂತು ಎಲ್ಲಾ ಒಂದೇ ಪಕ್ಕಕ್ಕೆ ಇದ್ದರೆ ಒಳ್ಳೆಯದು, ಬಾಟಲಿ ಸ್ವಲ್ಪ ವಾಲಿಸಿದರೆ ಸಾಕು. ನೀರು ತುಂಬಿ ಒತ್ತಿದರೆ ಸಣ್ಣ ಧಾರೆ ಬರುತ್ತದೆ. ಚೊಂಬಿಲ್ಲದ ಕಡೆ, ನಲ್ಲಿಯಲ್ಲಿ ನೀರು ಬಾರದ ಕಡೆ, ರಸ್ತೆ ಬದಿಯಲ್ಲಿ, ಒಂದೇ ಕೈಯಲ್ಲಿ ತೊಳೆಯಬಹುದು. ಇನ್ನೊಂದು ಕೈ ಮಗುವನ್ನು ಹಿಡಿದಿರುತ್ತದೆ. ಪ್ರಯಾಣ ಮಾಡುವಾಗ ತೂತಿಲ್ಲದ ಮುಚ್ಚಳ ಹಾಕಿ, ತೂತಿನದ್ದು ಜೇಬಲ್ಲಿ. ಬಾಟಲಿ ಮೇಲೆ ದಪ್ಪ ಪೆನ್ನಲ್ಲಿ ಗುರುತು ಹಾಕಿಡಿ, ಇಲ್ಲದಿದ್ದರೆ ಯಾರೋ ಬಾಯಾರಿದವರು ಕುಡಿದುಬಿಡುತ್ತಾರೆ.

ಉಡುಪಿನ ಬಗ್ಗೆ: ಎಲಾಸ್ಟಿಕ್ ಇರುವ ಪ್ಯಾಂಟು, ಅಷ್ಟೇ. ಬೆಲ್ಟು, ಜೀನ್ಸಿನ ಗುಂಡಿ, ಲಾಡಿ ಯಾವುದೂ ಬೇಡ. ಮದುವೆಗೆ ಹೋಗುವುದಾದರೂ ರೇಷ್ಮೆ ಲಂಗ ಛತ್ರಕ್ಕೆ ಹೋದ ಮೇಲೆ ಹಾಕಿದರೆ ಆಯಿತು.

ಹಂತ 4: ಹೊರಡುವ ಬೆಳಿಗ್ಗೆ

ನಮ್ಮ ಕಡೆ ದೂರ ಹೋಗುವುದು ಅಂದರೆ ನಸುಕಿನಲ್ಲೇ ಹೊರಡಬೇಕು ಅನ್ನುವ ಪದ್ಧತಿ. ದೊಡ್ಡವರಿಗೆ ಸರಿ. ಮಗುವನ್ನು ನಿದ್ದೆಗಣ್ಣಲ್ಲಿ ಎತ್ತಿ ಕಾರಿಗೆ ಹಾಕಿದರೆ ಅದರ "ಎರಡು" ಮನೆಯಲ್ಲಿ ಆಗಿರುವುದಿಲ್ಲ. ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ಕರುಳು ಚುರುಕಾಗುವುದು ಎಲ್ಲರಿಗೂ ಇರುವ ಗುಣ, ಮಕ್ಕಳಲ್ಲಿ ಅದು ಇನ್ನೂ ಜೋರು. ಅಂದರೆ ದಾರಿಯಲ್ಲಿ ಏಳೂವರೆಗೆ ಇಡ್ಲಿ ತಿನ್ನಿಸಿದರೆ ಎಂಟಕ್ಕೆ ಸರಿಯಾಗಿ ಬರುತ್ತದೆ, ಆಗ ನೀವು ಎಲ್ಲಿರುತ್ತೀರೋ ಅಲ್ಲಿ.

ಆಗುವುದಾದರೆ ಒಂದು ಗಂಟೆ ತಡವಾಗಿ ಹೊರಡಿ. ಮಗು ಎದ್ದು, ಬಿಸಿನೀರು ಕುಡಿದು, ತಿಂಡಿ ತಿಂದು, ಅರ್ಧ ಗಂಟೆ ಬಿಟ್ಟು ಹತ್ತು ನಿಮಿಷ ಆರಾಮಾಗಿ ಕೂತು ಬರಲಿ. ನಸುಕಲ್ಲೇ ಹೋಗಲೇಬೇಕು ಅಂದರೆ ತಿಂಡಿ ನಿಲುಗಡೆಯನ್ನು ಒಳ್ಳೆಯ ಶೌಚಾಲಯ ಇರುವ ಕಡೆಗೇ ಇಟ್ಟುಕೊಳ್ಳಿ, ತಿಂದ ಮೇಲೆ ಇಪ್ಪತ್ತು ನಿಮಿಷ ಅಲ್ಲೇ ಇರಿ. ರುಚಿಯ ಹೋಟೆಲು ಹುಡುಕುವುದು ಆಮೇಲಿನ ಮಾತು.

ಕಾರು ಹತ್ತುವ ಐದು ನಿಮಿಷ ಮೊದಲು ಇನ್ನೊಮ್ಮೆ ಸುಸ್ಸು. ಸಾಮಾನು ತುಂಬುವ ಮೊದಲು ಮಾಡಿಸಿದ್ದು ಲೆಕ್ಕಕ್ಕಿಲ್ಲ. ಮಲೆನಾಡಲ್ಲಿ ಎಲ್ಲರೂ ಗೇಟಿನ ಹತ್ತಿರ ನಿಂತು ಮಾತಾಡಿ ಹೊರಡುವುದಕ್ಕೆ ಮುಕ್ಕಾಲು ಗಂಟೆ ಆಗುತ್ತದಲ್ವಾ.

ಹಂತ 5: ಕಾರಿನಲ್ಲಿ, ಎಲ್ಲೆಲ್ಲಿ ನಿಲ್ಲಿಸುವುದು

ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಈ ದಾರಿಯಲ್ಲಿ ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ಅಂತ ಊರುಗಳು ಸಾಲಾಗಿ ಸಿಗುತ್ತವೆ, ಬಂಕುಗಳು, ಹೋಟೆಲುಗಳು ಇವೆ. ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ ಇರಲೇಬೇಕು, ಅದಕ್ಕೆ ದುಡ್ಡು ತೆಗೆದುಕೊಳ್ಳುವಂತಿಲ್ಲ, ಇದು ತೈಲ ಕಂಪನಿಗಳದ್ದೇ ನಿಯಮ. ಪೆಟ್ರೋಲ್ ಹಾಕಿಸದಿದ್ದರೂ ಕೇಳಬಹುದು. ಬೀಗ ಹಾಕಿದ್ದರೆ "ಅಣ್ಣಾ, ಮಗುವಿಗೆ ಅರ್ಜೆಂಟು, ಕೀ ಕೊಡಿ" ಅನ್ನಿ. ಮಗು ಎದುರಿಗೆ ಕುಣಿಯುತ್ತಿದ್ದರೆ ಯಾರೂ ಇಲ್ಲ ಅನ್ನುವುದಿಲ್ಲ. ನೀವು ಮೊದಲು ಒಳಗೆ ಹೋಗಿ ನೋಡಿ, ನೀರು ಹಾಕಿ, ಆಮೇಲೆ ಮಗುವನ್ನು ಕರೆಯಿರಿ.

ಕಷ್ಟ ಇರುವುದು ಪಶ್ಚಿಮಕ್ಕೆ ಇಳಿಯುವಾಗ. ಉಡುಪಿ, ಮಂಗಳೂರಿಗೆ ಹೋಗುವವರು ತೀರ್ಥಹಳ್ಳಿಯಲ್ಲಿ ಒಮ್ಮೆ, ಆಗುಂಬೆ ಊರಲ್ಲಿ ಇನ್ನೊಮ್ಮೆ ಕಡ್ಡಾಯವಾಗಿ ಇಳಿಸಿ. ಅಲ್ಲಿಂದ ಮುಂದೆ 14 ಹೇರ್‌ಪಿನ್ ತಿರುವು, ಇಳಿದು ಸೋಮೇಶ್ವರ ತಲುಪುವ ತನಕ ನಿಲ್ಲಿಸುವ ಮಾತಿಲ್ಲ. ಸೂರ್ಯಾಸ್ತ ನೋಡುವ ಜಾಗದಲ್ಲಿ ನಿಲ್ಲಿಸಬಹುದಲ್ಲ ಅನ್ನುತ್ತೀರಿ, ಅಲ್ಲಿ ಜನ, ವಾಹನ, ಜೊತೆಗೆ ಕೈಚೀಲ ಕಿತ್ತುಕೊಳ್ಳುವ ಕೋತಿಗಳು. ಚಡ್ಡಿ ಇಳಿಸಿ ನಿಂತ ಮಗುವಿಗೆ ಕೋತಿ ಎದುರು ಬಂದರೆ ಮುಂದಿನ ಎರಡು ದಿನ ಅದು ಹೊರಗೆ ಕೂರುವುದೇ ಇಲ್ಲ. ಹೊಸನಗರದಿಂದ ಹುಲಿಕಲ್ ಘಾಟಿ ಇಳಿಯುವವರಿಗೂ, ಜೋಗದಿಂದ ಗೇರುಸೊಪ್ಪೆ ಕಡೆ ಹೊನ್ನಾವರಕ್ಕೆ ಹೋಗುವವರಿಗೂ ಇದೇ ನಿಯಮ: ಘಾಟಿಯ ತಲೆಯಲ್ಲಿ ಒಮ್ಮೆ, ಬುಡದಲ್ಲಿ ಒಮ್ಮೆ. ಎರಡು ಗಂಟೆ ಆಗಿರಲಿ, ಬಿಡಲಿ.

ದೇವಸ್ಥಾನಕ್ಕೆ ಹೋಗುವವರು ಇನ್ನೊಂದು ಗಮನಿಸಿ. ಸಿಗಂದೂರಿಗೆ 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಪಾಡು ತಪ್ಪಿತು, ದರ್ಶನದ ಸಾಲು ತಪ್ಪಿಲ್ಲ. ಶೃಂಗೇರಿ, ಕೊಲ್ಲೂರು, ಹೊರನಾಡು ಎಲ್ಲಾ ಕಡೆ ರಜೆಯಲ್ಲಿ ಹೀಗೇ. ಸಾಲಿಗೆ ನಿಲ್ಲುವ ಮೊದಲು ಮಾಡಿಸಿ, ದೊಡ್ಡವರೊಬ್ಬರು ಜಾಗ ಹಿಡಿದು ನಿಂತಿರಲಿ, ಮಗು ಕೊನೆಗೆ ಸೇರಿಕೊಳ್ಳಲಿ.

ಹಂತ 6: ರಸ್ತೆ ಬದಿಯಲ್ಲೇ ಆಗಬೇಕಾದಾಗ

ಎಷ್ಟೇ ಯೋಚನೆ ಮಾಡಿದರೂ ಇದು ಬಂದೇ ಬರುತ್ತದೆ. ತಿರುವಿನಲ್ಲಿ ನಿಲ್ಲಿಸಬೇಡಿ. ಎರಡೂ ಕಡೆ ದೂರದ ತನಕ ರಸ್ತೆ ಕಾಣುವ ನೇರ ಜಾಗ, ಟಾರಿನಿಂದ ಪೂರ್ತಿ ಕೆಳಗೆ ಇಳಿಸಲು ಆಗುವ ಅಗಲ ಇರುವ ಕಡೆ ಮಾತ್ರ. ನಾಲ್ಕೂ ಇಂಡಿಕೇಟರ್ ಹಾಕಿ. ಮಗುವನ್ನು ಎಡಗಡೆ ಬಾಗಿಲಿನಿಂದಲೇ ಇಳಿಸಿ. ದೊಡ್ಡವರು ಮೊದಲು ಇಳಿದು ಕೈ ಹಿಡಿದ ಮೇಲೆ ಮಗು.

ಒಂದಕ್ಕಾದರೆ ಕಾರಿನ ಮುಂದಿನ ಮತ್ತು ಹಿಂದಿನ ಎಡ ಬಾಗಿಲು ಎರಡನ್ನೂ ತೆಗೆದರೆ ನಡುವೆ ಚಿಕ್ಕ ಕೋಣೆ ಆಗುತ್ತದೆ. ಮರೆ ಸಿಕ್ಕಿತು, ಪೊದೆಯೊಳಗೆ ಹೋಗುವ ಕೆಲಸವೂ ತಪ್ಪಿತು. ಪುಟ್ಟ ಮಗುವಿಗೆ ಕುಕ್ಕರುಗಾಲಲ್ಲಿ ಕೂತು ತೂಕ ಹಿಡಿಯಲು ಬರುವುದಿಲ್ಲ, ಹಿಂದಕ್ಕೆ ಬೀಳುತ್ತದೆ. ಅದಕ್ಕೆ ಅಜ್ಜಿಯಂದಿರ ಕ್ರಮವೇ ಚೆನ್ನ. ನೀವು ಕಾರಿನ ಹೊಸ್ತಿಲ ಮೇಲೆ ಹೊರಮುಖವಾಗಿ ಕೂತು, ಎರಡೂ ಪಾದ ಮುಂದೆ ಚಾಚಿ ನಡುವೆ ಒಂದು ಗೇಣು ಜಾಗ ಬಿಡಿ. ಮಗುವಿನ ಚಡ್ಡಿ ಮೊಣಕಾಲಿಗೆ ಇಳಿಸುವ ಬದಲು ಪೂರ್ತಿ ತೆಗೆದುಬಿಡಿ. ನಿಮ್ಮ ಎರಡು ಪಾದಗಳ ಮೇಲೆ ಅದರ ತೊಡೆ ಬರುವಂತೆ, ಬೆನ್ನು ನಿಮ್ಮ ಮೊಣಕಾಲಿಗೆ ಒರಗುವಂತೆ ಕೂರಿಸಿ. ಕೈ ಎರಡೂ ತೋಳಿನಡಿ. ನಿಮ್ಮ ಪಾದದ ಬಿಸಿ ತಾಗಿದ ಕೂಡಲೇ ಹೆದರಿದ ಮಗು ಕೂಡ ಸಡಿಲವಾಗುತ್ತದೆ. ಇಳಿಜಾರಿದ್ದರೆ ಮುಖ ಕೆಳಗಡೆಗೆ ಇರಲಿ, ಇಲ್ಲದಿದ್ದರೆ ಎಲ್ಲಾ ನಿಮ್ಮ ಚಪ್ಪಲಿಗೇ ಹರಿದು ಬರುತ್ತದೆ.

ಮಳೆಗಾಲದಲ್ಲಿ ಹುಲ್ಲಿಗೆ, ತರಗೆಲೆಗೆ ಇಳಿಸಲೇಬೇಡಿ. ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಇರುತ್ತದೆ. ಬರಿಗಾಲು, ಬರಿ ತೊಡೆ ಸಿಕ್ಕರೆ ಅದಕ್ಕೆ ಹಬ್ಬ. ಕೂರಿಸುವ ಮೊದಲು ಒಂದು ನಿಮಿಷ ಸುತ್ತ ನೋಡಿ, ಎದ್ದ ಮೇಲೆ ಬೆರಳ ಸಂದು, ಮೊಣಕಾಲ ಹಿಂಭಾಗ, ತೊಡೆ ಸಂದು ನೋಡಿ. ಹತ್ತಿದ್ದರೆ ಚಿಟಿಕೆ ಉಪ್ಪು ಹಾಕಿ, ಬಿಡುತ್ತದೆ. ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ, ಗಾಬರಿ ಬೇಡ. ತುರಿಕೆ ಗಿಡ, ಕೆಂಪಿರುವೆ ಗೂಡು ಬೇಸಿಗೆಯಲ್ಲೂ ಇರುತ್ತವೆ. ಇಷ್ಟೆಲ್ಲಾ ಇರುವಾಗ ಕಾರಿನ ಪಕ್ಕದ ಜಲ್ಲಿಯೇ ವಾಸಿ.

ಎರಡಕ್ಕಾದರೆ ಡಿಕ್ಕಿಯಲ್ಲಿರುವ ಪಾಟಿ ತೆಗೆಯಿರಿ. ಪಾಟಿಗೆ ಪ್ಲಾಸ್ಟಿಕ್ ಕವರು ಹಾಕಿ, ತಳಕ್ಕೆ ಪೇಪರ್ ಹರಿದು ಹಾಕಿ. ಹಳೇ ಡಯಾಪರ್ ಒಂದೆರಡು ಉಳಿದಿದ್ದರೆ ಇನ್ನೂ ಒಳ್ಳೆಯದು, ನೀರೆಲ್ಲಾ ಹೀರುತ್ತದೆ. ಡಿಕ್ಕಿಯ ಬಾಗಿಲು ಮೇಲೆ ಎತ್ತಿದ್ದರೆ ಮಳೆಯಲ್ಲೂ ನಡೆಯುತ್ತದೆ, ಮಗು ಡಿಕ್ಕಿಯೊಳಗೇ ಪಾಟಿ ಮೇಲೆ ರಾಜನ ಹಾಗೆ ಕೂರಬಹುದು. ಮುಗಿದ ಮೇಲೆ ಗಂಟು ಕಟ್ಟಿ, ಇನ್ನೊಂದು ಕವರಿಗೆ ಹಾಕಿ, ಮುಂದಿನ ಊರಿನ ಶೌಚಾಲಯದಲ್ಲಿ ಮಲವನ್ನು ಸುರಿದು, ಕವರನ್ನು ಕಸದ ಬುಟ್ಟಿಗೆ ಹಾಕಿ. ಕಿಟಕಿಯಿಂದ ಕಾಡಿಗೆ ಎಸೆಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಆ ಇಳಿಜಾರಿನ ಕೆಳಗೆ ಒಂದು ಹಳ್ಳ ಇದೆ, ಹಳ್ಳದ ಕೆಳಗೆ ಒಂದು ಮನೆ ಇದೆ, ಅವರು ಕುಡಿಯುವುದು ಅದೇ ನೀರು. ಪಾಟಿ ಇಲ್ಲ, ಬೇರೆ ದಾರಿಯೇ ಇಲ್ಲ ಅಂದರೆ ನೀರಿನಿಂದ 60 ಮೀಟರಾದರೂ ದೂರ, ಒಂದು ಗೇಣು ಆಳ ಗುಂಡಿ ತೋಡಿ ಮುಚ್ಚಿ.

ಹಂತ 7: ಬಸ್ಸಿನಲ್ಲಿ

ಇಲ್ಲಿ ನಿಲ್ಲಿಸುವ ಅಧಿಕಾರ ನಮ್ಮ ಕೈಯಲ್ಲಿಲ್ಲ. ಹತ್ತುವಾಗಲೇ ಕಂಡಕ್ಟರಿಗೆ ಹೇಳಿಡಿ: "ಸರ್, ಚಿಕ್ಕ ಮಗು ಇದೆ, ಮಧ್ಯೆ ಬೇಕಾದರೆ ಒಂದು ನಿಮಿಷ ನಿಲ್ಲಿಸಿಕೊಡಿ." ಮೊದಲೇ ಹೇಳಿದವರಿಗೆ ಸಿಗುವ ಸಹಾಯ ಆಮೇಲೆ ಕೂಗಾಡಿದವರಿಗೆ ಸಿಗುವುದಿಲ್ಲ. ಮುಂದಿನ ಸೀಟು ಬುಕ್ ಮಾಡಿ. ಹಿಂದಿನ ಸೀಟಿನಿಂದ ಎಲ್ಲರ ಕಾಲು ದಾಟಿ ಬರುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿರುತ್ತದೆ.

ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಐದು ನಿಮಿಷ ನಿಲ್ಲುತ್ತದೆ ಅಂದರೆ ಎಷ್ಟು ನಿಮಿಷ ಅಂತ ಡ್ರೈವರನ್ನೇ ಕೇಳಿ, ಒಬ್ಬರು ಬಸ್ಸಿನಲ್ಲೇ ಉಳಿಯಿರಿ. ಚಿಲ್ಲರೆ ಕೈಯಲ್ಲೇ ಇರಲಿ. ಗಂಡುಮಗುವಿಗೆ ಅಗಲ ಬಾಯಿಯ ಬಾಟಲಿ ಬಸ್ಸಿನಲ್ಲಿ ಉಪಯೋಗಕ್ಕೆ ಬರುತ್ತದೆ, ಬಸ್ಸು ನೇರ ರಸ್ತೆಯಲ್ಲಿದ್ದಾಗ ಮಾತ್ರ.

ರಾತ್ರಿ ಬಸ್ಸಾದರೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಡಯಾಪರ್ ಪ್ಯಾಂಟು ಹಾಕಿ. ಹಗಲು ಕಲಿತ ಮಗುವಿಗೆ ರಾತ್ರಿ ತಡೆಯುವುದು ಬರುವುದು ಬೇರೆಯೇ ವಿಷಯ, ಅದು ತಾನಾಗಿ ದೇಹ ಬೆಳೆದ ಹಾಗೆ ಬರುತ್ತದೆ. ಐದು ವರ್ಷದೊಳಗೆ ಹಾಸಿಗೆ ಒದ್ದೆ ಆಗುವುದು ಮಾಮೂಲು. "ಹಾಕಿದರೆ ಕಲಿತದ್ದೆಲ್ಲಾ ಮರೆತುಹೋಗುತ್ತೆ" ಅಂತ ಮನೆಯಲ್ಲಿ ಹೇಳುವವರಿರುತ್ತಾರೆ. ಅದಕ್ಕೆ "ಬಸ್ ಚಡ್ಡಿ" ಅಂತ ಹೆಸರಿಡಿ. ಬಸ್ಸಿನಲ್ಲಿ ಮಾತ್ರ, ಇಳಿದ ಕೂಡಲೇ ತೆಗೆಯುವುದು, ಅಂತ ಮಗುವಿಗೂ ಹೇಳಿ, ಹೇಳಿದ ಹಾಗೇ ಮಾಡಿ.

ಹಂತ 8: ರೈಲಿನಲ್ಲಿ

ಮಕ್ಕಳಿದ್ದವರಿಗೆ ಶಿವಮೊಗ್ಗದಿಂದ ಬೆಂಗಳೂರಿಗೆ ರೈಲೇ ಉತ್ತಮ ಅಂತ ನಾನು ಯಾವಾಗಲೂ ಹೇಳುತ್ತೇನೆ. ಶೌಚಾಲಯ ನಮ್ಮ ಜೊತೆಗೇ ಬರುತ್ತದೆ. ಬೋಗಿಯ ತುದಿಗೆ ಹತ್ತಿರದ ಸೀಟು ಸಿಕ್ಕರೆ ವಾಸನೆ ಸ್ವಲ್ಪ, ಅನುಕೂಲ ಜಾಸ್ತಿ. ನಡುವಿನ ಸೀಟಾದರೆ ಅಲಾರಾಂ ಹದಿನೈದು ನಿಮಿಷ ಮುಂಚೆ ಇಡಿ, ಸಾಲು ಇರುತ್ತದೆ. ರೈಲು ಹೊರಟ ಮೊದಲ ಅರ್ಧ ಗಂಟೆ ಶೌಚಾಲಯ ಸ್ವಚ್ಛವಾಗಿರುತ್ತದೆ, ಆಗಲೇ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.

ಮಕ್ಕಳಿಗೆ ಹೆದರಿಕೆ ಆಗುವುದು ಅಲುಗಾಟ ಮತ್ತು ಸದ್ದಿಗೆ. ದೊಡ್ಡವರಿಗೆ ಭಯ ಇರಬೇಕಾದ್ದು ಪಕ್ಕದಲ್ಲೇ ತೆರೆದಿರುವ ಬೋಗಿಯ ಬಾಗಿಲಿನದ್ದು. ಸೀಟಿನಿಂದ ಒಳಗೆ ಹೋಗುವ ತನಕ, ಹೊರಗೆ ಬಂದು ಸೀಟಿಗೆ ಸೇರುವ ತನಕ ಕೈ ಬಿಡಬೇಡಿ. ಒಳಗೆ ಹೋದ ಮೇಲೆ ಚಿಲಕ ಹಾಕಿ, ಚೀಲವನ್ನು ಕೊಕ್ಕೆಗೆ ನೇತುಹಾಕಿ, ಫೋನ್ ಜೇಬಿನ ಒಳಗೆ.

ವೆಸ್ಟರ್ನ್ ಇದ್ದರೆ ಸೀಟಿಗೆ ತಾಗಿಸುವುದೇ ಬೇಡ. ನೀವು ಗೋಡೆಗೆ ಒಂದು ಭುಜ ಒತ್ತಿ, ಕಾಲು ಅಗಲಿಸಿ ನಿಲ್ಲಿ. ಮಗುವಿನ ಬೆನ್ನು ನಿಮ್ಮ ಎದೆಗೆ, ನಿಮ್ಮ ಎರಡೂ ಕೈ ಅದರ ತೊಡೆಯಡಿ, ಮೊಣಕಾಲು ಸ್ವಲ್ಪ ಮೇಲೆ. ಹಾಗೆಯೇ ಬಗ್ಗಿ ಹಿಡಿಯಿರಿ. ಹದಿನೈದು ಕಿಲೋ ದಾಟಿದ ಮಗುವಿಗೆ ಇದು ನಿಮ್ಮ ಸೊಂಟಕ್ಕೆ ಕಷ್ಟ, ಆಗ ಸೀಟಿನ ಮೇಲೆ ಪೇಪರ್ ಹಾಸಿ ಕೂರಿಸಿ. ಇಂಡಿಯನ್ ಇದ್ದರೆ ಕಾಲಿಡುವ ಜಾಗ ದೊಡ್ಡವರ ಅಳತೆಗೆ ಇರುತ್ತದೆ, ಮಗುವಿನ ಕಾಲು ಅಷ್ಟು ಅಗಲ ಹೋಗುವುದಿಲ್ಲ. ಹಿಂದಿನಿಂದ ತೋಳಿನಡಿ ಎತ್ತಿ ಹಿಡಿದೇ ಇರಬೇಕು.

ಈಗ ಬೋಗಿಗಳಲ್ಲಿ ಇರುವುದು ಬಯೋ ಟಾಯ್ಲೆಟ್. ಒಳಗೆ ಬ್ಯಾಕ್ಟೀರಿಯಾ ಮಲವನ್ನು ಕರಗಿಸುತ್ತದೆ. ಟಿಶ್ಯೂ, ಡಯಾಪರ್, ಬಾಟಲಿ ಹಾಕಿದರೆ ಕಟ್ಟಿಕೊಳ್ಳುತ್ತದೆ, ಆಮೇಲೆ ಇಡೀ ಬೋಗಿಗೆ ಅದೇ ಗತಿ. ಕಸದ ಬುಟ್ಟಿ ಇದೆ, ಅದಕ್ಕೆ ಹಾಕಿ. ನೀರು ಬರದಿದ್ದರೆ, ಹೊಲಸಾಗಿದ್ದರೆ 139ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಅಷ್ಟರೊಳಗೆ ನಿಮ್ಮ ತೂತಿನ ಮುಚ್ಚಳದ ಬಾಟಲಿ ಇದ್ದೇ ಇದೆ. ತಾಳಗುಪ್ಪದ ರಾತ್ರಿ ರೈಲಿಗೆ ಹೋಗುವವರು ಕೆಳಗಿನ ಬರ್ತ್ ಕೇಳಿ, ಪ್ಲಾಸ್ಟಿಕ್ ಶೀಟು ಹಾಸಿ ಮಲಗಿಸಿ.

ವಿಮಾನದ ಬಗ್ಗೆ ಎರಡು ಮಾತು ಸಾಕು. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹಾರುವುದು ಕಡಿಮೆ ಹೊತ್ತು, ಹತ್ತುವ ಮುಂಚೆ ಮಾಡಿಸಿದರೆ ಆಯಿತು. ದೊಡ್ಡ ವಿಮಾನ ನಿಲ್ದಾಣಗಳಲ್ಲಿ ತಾನೇ ಫ್ಲಶ್ ಆಗುವ ಕಮೋಡು ಇರುತ್ತದೆ, ಕೂತಿರುವಾಗಲೇ ಗುಡುಗಿದರೆ ಮಗು ಜಿಗಿಯುತ್ತದೆ. ಸೆನ್ಸರಿನ ಮೇಲೆ ಒಂದು ತುಂಡು ಪೇಪರ್ ಅಂಟಿಸಿ.

ಹಂತ 9: ನೀರು ನಿಲ್ಲಿಸಬೇಡಿ

"ದಾರಿಯಲ್ಲಿ ಸುಸ್ಸು ಬರುತ್ತೆ, ನೀರು ಕೊಡಬೇಡ" ಅನ್ನುವ ಮಾತು ಪ್ರತಿ ಮನೆಯಲ್ಲೂ ಕೇಳುತ್ತದೆ. ದಯವಿಟ್ಟು ಬೇಡ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಉರಿಯುತ್ತದೆ, ಉರಿಯುವುದಕ್ಕೆ ಹೆದರಿ ಮಗು ತಡೆಯುತ್ತದೆ, ತಡೆದರೆ ಸೋಂಕು. ಮಲವೂ ಗಟ್ಟಿಯಾಗುತ್ತದೆ. ಕರುಳಲ್ಲಿ ಮಲ ತುಂಬಿಕೊಂಡರೆ ಅದು ಮೂತ್ರಚೀಲವನ್ನು ಒತ್ತಿ, ಎಂದೂ ಚಡ್ಡಿ ಒದ್ದೆ ಮಾಡದ ಮಗು ಕೂಡ ಒದ್ದೆ ಮಾಡಿಕೊಳ್ಳುತ್ತದೆ.

ಒಂದೇ ಸಲ ಗಟಗಟ ಕುಡಿಸುವ ಬದಲು ಆಗಾಗ ಎರಡೆರಡು ಗುಟುಕು ಕೊಡಿ. ಜಾಸ್ತಿ ಕುಡಿಸುವುದನ್ನು ನಿಲುಗಡೆಗೆ ಸ್ವಲ್ಪ ಮೊದಲು ಇಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ. ದೊಡ್ಡವರ ಲೋಟದಿಂದ ಮಗುವಿಗೂ ಒಂದು ಗುಟುಕು ಕಾಫಿ ಕೊಡುವ ಅಭ್ಯಾಸ ನಮ್ಮಲ್ಲಿ ಇದೆ, ಪ್ರಯಾಣದ ದಿನ ಅದು ಬೇಡ, ಕಾಫಿ, ಟೀ, ಕೋಲಾ ಎಲ್ಲಾ ಮೂತ್ರ ಹೆಚ್ಚಿಸುತ್ತವೆ. ಮಳೆ ಚಳಿಯ ದಿನ ಬೆವರುವುದಿಲ್ಲವಾದ್ದರಿಂದ ಕುಡಿದದ್ದೆಲ್ಲಾ ಮೂತ್ರವಾಗಿಯೇ ಹೋಗಬೇಕು, ಆಗ ನಿಲುಗಡೆ ಹೆಚ್ಚಿಸಿ.

ತಿನ್ನುವುದಕ್ಕೆ ಬಿಸ್ಕತ್ತು, ಬನ್ನು, ಚಿಪ್ಸ್ ಮಾತ್ರ ಆದರೆ ಎರಡು ದಿನದಲ್ಲಿ ಮಲಬದ್ಧತೆ. ಚೆನ್ನಾಗಿ ಹಣ್ಣಾದ ಪುಟ್ಟಬಾಳೆ, ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿ ಜೊತೆಗಿರಲಿ. ಹಲಸಿನ ಕಾಲದಲ್ಲಿ ನೆಂಟರ ಮನೆಗೆ ಹೋದರೆ ಹಣ್ಣಿಗೆ ಕೈ ಹಿಡಿತ ಇರಲಿ, ಮರುದಿನ ಬಸ್ಸು ಹತ್ತಬೇಕಿದೆ.

ಹಂತ 10: ನೆಂಟರ ಮನೆ ತಲುಪಿದ ಮೇಲೆ

ಹಳೇ ಮಲೆನಾಡ ಮನೆಗಳಲ್ಲಿ ಶೌಚಾಲಯ ಹೊರಗೆ, ಕೊಟ್ಟಿಗೆ ದಾಟಿ ಇರುತ್ತದೆ. ಬೆಳಕಿರುವಾಗಲೇ ಮಗುವನ್ನು ಕರೆದುಕೊಂಡು ಹೋಗಿ ತೋರಿಸಿ. ಮೂಲೆಯಲ್ಲಿ ಜೇಡ ಇದ್ದರೆ ಓಡಿಸಿ, ಕಪ್ಪೆ ಇದ್ದರೆ ಪರಿಚಯ ಮಾಡಿಸಿ. ಕತ್ತಲಾದ ಮೇಲೆ, ಅದೂ ಕರೆಂಟ್ ಹೋದಾಗ ಮೊದಲ ಬಾರಿ ಕರೆದುಕೊಂಡು ಹೋದರೆ ಮಗು ಒಳಗೆ ಕಾಲಿಡುವುದಿಲ್ಲ.

ರಾತ್ರಿಗೆ ಮನೆಯವರ ಹತ್ತಿರ ಮೊದಲೇ ಕೇಳಿ: "ಅತ್ತೆ, ಪಾಪುವನ್ನು ರಾತ್ರಿ ಬಚ್ಚಲಿಗೇ ಕರ್ಕೊಂಡು ಹೋಗ್ಲಾ? ನೀರು ಹಾಕ್ತೀನಿ." ಬಹುಪಾಲು ಮನೆಗಳಲ್ಲಿ "ಅಯ್ಯೋ, ಅದಕ್ಕೇನು ಕೇಳ್ತೀಯಾ" ಅಂತಾರೆ. ಆದರೂ ಕೇಳುವುದೇ ಚೆಂದ, ಕೆಲವರಲ್ಲಿ ಮಡಿ ಇರುತ್ತದೆ. ಅವರ ಒಳ್ಳೆಯ ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಶೀಟು ಹಾಸುವುದಕ್ಕೂ ಸಂಕೋಚ ಬೇಡ. ಮದುವೆ ಛತ್ರದಲ್ಲಿ ಊಟದ ಪಂಕ್ತಿ ಏಳುವ ಮೊದಲು ಮಗುವನ್ನು ಕರೆದುಕೊಂಡು ಹೋಗಿ ಬನ್ನಿ, ಆಮೇಲೆ ಅಲ್ಲಿ ಕಾಲಿಡಲು ಆಗುವುದಿಲ್ಲ.

ಹಂತ 11: ಒದ್ದೆ ಆಯಿತು, ಈಗ?

ಮಾತಾಡದೆ ಬಟ್ಟೆ ಬದಲಿಸಿ. "ಛೀ, ಇಷ್ಟು ದೊಡ್ಡವಳಾಗಿ!" ಅನ್ನುವುದು, ತಲುಪಿದ ಮೇಲೆ ಎಲ್ಲರ ಎದುರು ಅದನ್ನೇ ಕಥೆ ಮಾಡಿ ನಗುವುದು, ಎರಡೂ ಬೇಡ. ಅವಮಾನ ಆದ ಮಗು ಮುಂದಿನ ಸಲ ಹೇಳುವುದಿಲ್ಲ, ತಡೆಯುತ್ತದೆ. ಹೆಣ್ಣುಮಕ್ಕಳಿಗೆ ತೊಳೆಯುವಾಗ, ಒರೆಸುವಾಗ ಯಾವಾಗಲೂ ಮುಂದಿನಿಂದ ಹಿಂದಕ್ಕೆ. ಅವರ ಮೂತ್ರನಾಳ ಗಿಡ್ಡ, ಮಲದ ರೋಗಾಣು ಬೇಗ ಮೇಲೆ ಹೋಗುತ್ತದೆ. ಒದ್ದೆ ಚಡ್ಡಿಯಲ್ಲಿ "ಇನ್ನೇನು ಬಂತಲ್ಲ" ಅಂತ ಕೂರಿಸಬೇಡಿ.

ಭೇದಿ ಶುರುವಾದರೆ ಓಆರ್‌ಎಸ್ ಕೊಡಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ. ಎರಡು ವರ್ಷ ದಾಟಿದ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 100ರಿಂದ 200 ಮಿ.ಲೀ., ಸ್ವಲ್ಪ ಸ್ವಲ್ಪವಾಗಿ. ದೊಡ್ಡವರು ಇಟ್ಟುಕೊಂಡಿರುವ ಭೇದಿ ನಿಲ್ಲಿಸುವ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಕೆಲಸ ಖಂಡಿತ ಬೇಡ. ಮೂತ್ರ ಮಾಡುವಾಗ ಉರಿ ಅಂತ ಅಳುವುದು, ಜ್ವರ, ಮೂತ್ರದಲ್ಲಿ ಅಥವಾ ಮಲದಲ್ಲಿ ರಕ್ತ, ಎಂಟು ಗಂಟೆ ಆದರೂ ಮೂತ್ರ ಆಗದೆ ಮಗು ಸೊರಗಿರುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಹತ್ತಿರದ ಊರಲ್ಲಿ ಡಾಕ್ಟರಿಗೆ ತೋರಿಸಿ, ಪ್ರಯಾಣ ಆಮೇಲೆ.

ಮನೆಗೆ ವಾಪಸ್ ಬಂದ ಮೇಲೆ ಕೆಲವು ದಿನ ಮಗು ಮನೆಯಲ್ಲೂ ಒದ್ದೆ ಮಾಡಿಕೊಳ್ಳಬಹುದು, ಅಥವಾ ಎರಡಕ್ಕೆ ಹೋಗದೆ ಹಟ ಮಾಡಬಹುದು. ಹಳೇ ವೇಳೆಗೆ ಕೂರಿಸುತ್ತಾ ಬನ್ನಿ, ಸರಿಹೋಗುತ್ತದೆ. ಎರಡು ವಾರ ಕಳೆದರೂ ಹಾಗೇ ಇದ್ದರೆ, ಮಲ ಗಟ್ಟಿಯಾಗಿ ನೋವು ಅನ್ನುತ್ತಿದ್ದರೆ ತೋರಿಸಿ. ಪಾಟಿಯನ್ನು ಸೋಪು ಹಾಕಿ ತೊಳೆದು ಬಿಸಿಲಿಗಿಡಿ, ಬಿಸಿಲಿಲ್ಲದಿದ್ದರೆ ಬಚ್ಚಲ ಒಲೆಯ ಬಳಿ, ಕರಗದಷ್ಟು ದೂರದಲ್ಲಿ. ಚೀಲದಲ್ಲಿ ಖರ್ಚಾದ ಬಟ್ಟೆ, ಕವರು, ಪೇಪರ್ ಸೋಪು ಅವತ್ತೇ ತುಂಬಿಸಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ.